ಗ್ರಾಫಿಕ್ಸ್ ಕಾರ್ಡಾ, ಪ್ರೊಸೆಸರಾ, ರ‍್ಯಾಮಾ? ಕಡಿಮೆ ದುಡ್ಡಿನಲ್ಲಿ ಹಳೆ ಡೆಸ್ಕ್‌ಟಾಪನ್ನು ಗೇಮಿಂಗ್‌ಗೆ ಸಜ್ಜು ಮಾಡುವಾಗ ಮೊದಲು ಏನು ಬದಲಿಸಬೇಕು

ಗೆಳೆಯನೊಬ್ಬ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಂಡ. ವಾರ ಬಿಟ್ಟು ಫೋನ್ ಮಾಡಿ "ಏನೂ ಫರಕೇ ಕಾಣ್ತಿಲ್ಲ ಕಣೋ, ಮೋಸ ಹೋದೆ ಅನ್ಸುತ್ತೆ" ಎಂದ. ಹೋಗಿ ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿದೆ. ಮಾನಿಟರಿನ ಕೇಬಲ್ ಇನ್ನೂ ಮದರ್‌ಬೋರ್ಡಿನ ಪೋರ್ಟಿನಲ್ಲೇ ಇತ್ತು. ದುಡ್ಡು ಸುರಿದು ತಂದ ಕಾರ್ಡ್ ಒಳಗೆ ತಣ್ಣಗೆ ಕೂತಿತ್ತು. ಆಟವನ್ನೆಲ್ಲ ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್ ಏದುಸಿರು ಬಿಡುತ್ತ ಎಳೆಯುತ್ತಿತ್ತು. ಕೇಬಲ್ ಕಿತ್ತು ಒಂದು ಗೇಣು ಕೆಳಗಿನ ಪೋರ್ಟಿಗೆ ಹಾಕಿದೆ, ಅಷ್ಟೇ.

ನಗಬೇಡಿ. ನಾವೆಲ್ಲ ಮಾಡುವ ತಪ್ಪೂ ಇದೇ ಜಾತಿಯದು. ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡದೆ ಪಾರ್ಟ್ ಕೊಂಡುಬಿಡುತ್ತೇವೆ. ಪ್ರತಿ ಫ್ರೇಮಿಗೂ, ಅಂದರೆ ಪರದೆಯಲ್ಲಿ ಮೂಡುವ ಒಂದೊಂದು ಚಿತ್ರಕ್ಕೂ, ಪ್ರೊಸೆಸರ್ ಲೆಕ್ಕ ಮುಗಿಸಿ ಕೊಡಬೇಕು, ಆಮೇಲೆ ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸಬೇಕು. ಇಬ್ಬರಲ್ಲಿ ಒಬ್ಬರು ಯಾವಾಗಲೂ ಇನ್ನೊಬ್ಬರಿಗಾಗಿ ಕಾಯುತ್ತಿರುತ್ತಾರೆ. ಕಾಯಿಸುತ್ತಿರುವವರನ್ನು ಬದಲಿಸಿದರೆ ಲಾಭ. ಕಾಯುತ್ತಿರುವವರನ್ನು ಬದಲಿಸಿದರೆ ದುಡ್ಡು ದಂಡ.

ಯಾರು ಯಾರನ್ನು ಕಾಯಿಸುತ್ತಿದ್ದಾರೆ?

ಇದನ್ನು ತಿಳಿಯಲು ಅರ್ಧ ಗಂಟೆ ಸಾಕು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಯಾವ ಕಂಪನಿಯ ಕಾರ್ಡಿಗಾದರೂ ನಡೆಯುತ್ತದೆ. ಅದರಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್), ಕಾರ್ಡಿನ ಬಳಕೆ, ಪ್ರೊಸೆಸರಿನ ಒಂದೊಂದು ಥ್ರೆಡ್‌ನ (ಏಕಕಾಲಕ್ಕೆ ಸಾಗುವ ಕೆಲಸದ ಒಂದೊಂದು ಸಾಲಿನ) ಬಳಕೆ, ರ‍್ಯಾಮ್ ಮತ್ತು ವಿಡಿಯೊ ಮೆಮೊರಿ (ಕಾರ್ಡಿನ ಸ್ವಂತ ಮೆಮೊರಿ), ಇಷ್ಟನ್ನು ಪರದೆಯ ಮೂಲೆಯಲ್ಲಿ ತೋರಿಸುವಂತೆ ಮಾಡಿಕೊಳ್ಳಿ. ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಆಫ್ ಮಾಡಿ. ಇಲ್ಲದಿದ್ದರೆ ಏನೇ ಮಾಡಿದರೂ ಎಫ್‌ಪಿಎಸ್ ಮಾಮೂಲಿ ಮಾನಿಟರಿನ 60ಕ್ಕೆ ಬಂದು ನಿಂತುಬಿಡುತ್ತದೆ. ಆಮೇಲೆ ನೀವು ನಿಜವಾಗಿ ಜಾಸ್ತಿ ಆಡುವ ಆಟವನ್ನೇ ಆಡಿ.

ಕಾರ್ಡಿನ ಬಳಕೆ 95ರಿಂದ 99 ಶೇಕಡಾದಲ್ಲೇ ಇದ್ದರೆ ಕಾರ್ಡ್ ತನ್ನ ಶಕ್ತಿಯನ್ನೆಲ್ಲ ಹಾಕುತ್ತಿದೆ, ಪ್ರೊಸೆಸರ್ ಅದಕ್ಕಾಗಿ ಕಾಯುತ್ತಿದೆ. ಕಾರ್ಡ್ 60-70ರಲ್ಲಿ ಆಡಿಕೊಂಡಿದ್ದು ಎಫ್‌ಪಿಎಸ್ ಮಾತ್ರ ಮೇಲೇಳುತ್ತಿಲ್ಲ ಎಂದರೆ ಪ್ರೊಸೆಸರ್ ಕಡೆ ನೋಡಿ. ಇಲ್ಲಿ ಒಂದು ಮೋಸ ಇದೆ. 12 ಥ್ರೆಡ್ ಇರುವ ಪ್ರೊಸೆಸರ್ ಒಟ್ಟು ಬಳಕೆಯಲ್ಲಿ 40 ಶೇಕಡಾ ತೋರಿಸುತ್ತಿದ್ದರೂ ಅದರ ಒಂದು ಥ್ರೆಡ್ 100 ಮುಟ್ಟಿ ಬೆವರು ಸುರಿಸುತ್ತಿರಬಹುದು. ಬಹಳಷ್ಟು ಆಟಗಳು ಒಂದೆರಡು ಥ್ರೆಡ್‌ಗಳ ಮೇಲೇ ಹೆಚ್ಚು ಭಾರ ಹಾಕುತ್ತವೆ. ಅದಕ್ಕೇ ಒಟ್ಟು ಅಂಕಿ ನಂಬಬೇಡಿ.

ಇನ್ನೂ ಅನುಮಾನ ಇದ್ದರೆ ರೆಸಲ್ಯೂಷನ್ನನ್ನು 1080ಪಿಯಿಂದ 720ಪಿಗೆ ಇಳಿಸಿ. ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಪ್ರೊಸೆಸರಿನ ಕೆಲಸ ಹಾಗೇ ಉಳಿಯುತ್ತದೆ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಕಾರ್ಡ್ ಬದಲಿಸಿ. ಅಲ್ಲಾಡದೆ ಕೂತರೆ ಎಷ್ಟೇ ದೊಡ್ಡ ಕಾರ್ಡ್ ತಂದರೂ ಆ ಆಟದಲ್ಲಿ ಅದೇ ಎಫ್‌ಪಿಎಸ್. ಸೆಟ್ಟಿಂಗ್ ಏರಿಸಿ ಅಂದ ನೋಡಬಹುದು, ವೇಗ ಮಾತ್ರ ಬರುವುದಿಲ್ಲ.

ಮೂರನೆಯ ಲಕ್ಷಣ ಬೇರೆ. ಸರಾಸರಿ ಎಫ್‌ಪಿಎಸ್ ಚೆನ್ನಾಗಿದೆ, ಆದರೆ ತಿರುಗಿದಾಗ, ಹೊಸ ಜಾಗಕ್ಕೆ ಕಾಲಿಟ್ಟಾಗ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಆಗ ಮೆಮೊರಿ ನೋಡಿ. 8 ಜಿಬಿ ರ‍್ಯಾಮ್ ತುಂಬಿ ಡಿಸ್ಕಿಗೆ ಹರಿಯುತ್ತಿರಬಹುದು. ಅಥವಾ 4 ಜಿಬಿ ವಿಡಿಯೊ ಮೆಮೊರಿ ತುಂಬಿರಬಹುದು.

ಕಾಸಿಲ್ಲದೆ ಸಿಗುವ ವೇಗ

ಪಾರ್ಟ್ ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್ ವೇಗ ನೋಡಿ. ಸ್ಟಿಕ್ ಮೇಲೆ 3200 ಎಂದು ಅಚ್ಚಾಗಿದ್ದರೂ ಅಲ್ಲಿ 2133 ಅಥವಾ 2400 ಕಾಣಿಸಿದರೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ, ಅಂದರೆ ಅಚ್ಚಾದ ವೇಗಕ್ಕೆ ಓಡಿಸುವ ಆಯ್ಕೆ, ಆನ್ ಆಗಿಲ್ಲ ಎಂದರ್ಥ. ಡಿಡಿಆರ್4 ರ‍್ಯಾಮ್ ತಾನಾಗಿ ಪೂರ್ತಿ ವೇಗಕ್ಕೆ ಹೋಗುವುದಿಲ್ಲ, ನಾವೇ ಹೇಳಬೇಕು. ಇಂಟೆಲ್‌ನ ಬಿ360, ಬಿ460ರಂಥ ಬೋರ್ಡ್‌ಗಳು ಮಾತ್ರ ಏನು ಮಾಡಿದರೂ ಹೆಚ್ಚಿನ ಪ್ರೊಸೆಸರ್‌ಗಳ ಜೊತೆ 2666 ದಾಟುವುದಿಲ್ಲ. ಅಲ್ಲಿ ದುಬಾರಿ ರ‍್ಯಾಮ್ ಹಾಕುವುದು ಸುಮ್ನೆ.

ನಾಲ್ಕು ಸ್ಲಾಟ್‌ಗಳಿರುವ ಬೋರ್ಡಿನಲ್ಲಿ ಎರಡು ಸ್ಟಿಕ್‌ಗಳನ್ನು ಅಕ್ಕಪಕ್ಕ ಕೂರಿಸಿರುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಇರಬೇಕು. ಅಕ್ಕಪಕ್ಕ ಇದ್ದರೆ ಎರಡೂ ಒಂದೇ ಚಾನೆಲ್‌ನಲ್ಲಿ ಸೇರಿ ಡೇಟಾ ಹೋಗಿಬರುವ ದಾರಿ ಅರ್ಧ ಆಗುತ್ತದೆ. ಕಾರ್ಡ್ ಇಲ್ಲದೆ ಪ್ರೊಸೆಸರಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗೆ ಇದು ದೊಡ್ಡ ಹೊಡೆತ. ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ.

144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಕೊಂಡು ವಿಂಡೋಸ್‌ನಲ್ಲಿ 60ಕ್ಕೇ ಬಿಟ್ಟವರೂ ಇದ್ದಾರೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಒಮ್ಮೆ ನೋಡಿಬಿಡಿ.

ಗ್ರಾಫಿಕ್ಸ್ ಕಾರ್ಡ್: ಹೆಸರು ನೋಡಿ ಮರುಳಾಗಬೇಡಿ

ಪರೀಕ್ಷೆಯಲ್ಲಿ ಕಾರ್ಡೇ ಸಿಕ್ಕಿಬಿದ್ದರೆ ನಿಮ್ಮ ಅದೃಷ್ಟ. ಒಂದು ಪಾರ್ಟ್ ಬದಲಿಸಿ ಅತಿ ಜಾಸ್ತಿ ಲಾಭ ಕಾಣುವುದು ಇಲ್ಲೇ. ಆದರೆ ಪ್ರತಿ ಪಾರ್ಟಿಗೂ ಒಂದು ಬಾಲ ಇರುತ್ತದೆ, ಅಂದರೆ ಅದರ ಹಿಂದೆಯೇ ಬರುವ ಬೇರೆ ಖರ್ಚು. ಕಾರ್ಡಿನ ಬಾಲ ಎಸ್‌ಎಂಪಿಎಸ್ (ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಕೊಡುವ ಡಬ್ಬಿ), ಕ್ಯಾಬಿನೆಟ್ಟಿನ ಜಾಗ ಮತ್ತು ಬೋರ್ಡಿನ ಪಿಸಿಐಇ (ಕಾರ್ಡ್ ಕೂರುವ ಸ್ಲಾಟ್) ಪೀಳಿಗೆ. ಬೆಲೆ ಹೋಲಿಸುವಾಗ ಬಾಲವನ್ನೂ ಸೇರಿಸಿ ಹೋಲಿಸಿ. ನಾಲ್ಕು ಕೋರ್‌ನ ಹಳೆ ಪ್ರೊಸೆಸರಿಗೆ ದೊಡ್ಡ ಕಾರ್ಡ್ ಹಾಕಿದರೆ ಮೂಗಿಗಿಂತ ಮೂಗುತಿ ಭಾರ.

ಹೆಸರುಗಳು ಗೊಂದಲದ ಗೂಡು. ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಎಂಬ ಹೆಸರಿನಲ್ಲೇ ಎರಡು ಕಾರ್ಡ್‌ಗಳಿವೆ. 2022ರಲ್ಲಿ ಬಂದ 8 ಜಿಬಿಯದಕ್ಕೆ 2560 ಕೋರ್, 130 ವ್ಯಾಟ್. 2024ರಲ್ಲಿ ಬಂದ 6 ಜಿಬಿಯದಕ್ಕೆ 2304 ಕೋರ್, 70 ವ್ಯಾಟ್, ಮೆಮೊರಿಯ ದಾರಿಯೂ ಕಿರಿದು. ಮೆಮೊರಿ ಅಷ್ಟೇ ಕಡಿಮೆ ಅಂದುಕೊಂಡು ಕೊಂಡವರು ಕಾರ್ಡೇ ಚಿಕ್ಕದು ಎಂದು ಆಮೇಲೆ ತಿಳಿದುಕೊಂಡರು. ಆರ್‌ಟಿಎಕ್ಸ್ 3060ರಲ್ಲೂ ಇದೇ ಕಥೆ. 12 ಜಿಬಿಯದರ ಮೆಮೊರಿ ದಾರಿ 192 ಬಿಟ್, 8 ಜಿಬಿಯದರದು 128. ಪೆಟ್ಟಿಗೆ ಮೇಲೆ ದಪ್ಪ ಅಕ್ಷರ ಒಂದೇ. ಕೆಳಗಿನ ಸಣ್ಣ ಅಕ್ಷರ ಓದಿ.

ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಹಳೆ ಡೆಸ್ಕ್‌ಟಾಪ್‌ಗಳಿಗೆ ಬೇಡವೇ ಬೇಡ. ಅದಕ್ಕೆ ಇರುವುದು 4 ಜಿಬಿ ಮೆಮೊರಿ, ಪಿಸಿಐಇ ದಾರಿಯೂ ನಾಲ್ಕೇ ಲೇನ್. ಪಿಸಿಐಇ 4.0 ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ನಿಮ್ಮದು 3.0 ಬೋರ್ಡ್ ಆಗಿದ್ದರೆ ಮೆಮೊರಿ ತುಂಬಿದ ಕೂಡಲೇ ಕುಂಟುತ್ತದೆ. ಕಡಿಮೆ ಬೆಲೆಯ ಕಾರ್ಡ್ ಯಾರಿಗಾಗಿ ಮಾಡಿದರೋ ಅವರ ಬೋರ್ಡಿನಲ್ಲೇ ಅದು ಸರಿಯಾಗಿ ಓಡುವುದಿಲ್ಲ, ಹೇಗಿದೆ ನೋಡಿ!

ಹಾಗಾದರೆ ಯಾವುದು? 1080ಪಿಗೆ ನನ್ನ ಮಟ್ಟಿಗೆ ಆರ್‌ಎಕ್ಸ್ 6600 ಇಂದಿಗೂ ಒಳ್ಳೆಯ ಅಳತೆಗೋಲು. 8 ಜಿಬಿ, 132 ವ್ಯಾಟ್, ಒಂದೇ 8-ಪಿನ್ ಕನೆಕ್ಟರ್. ಸಾಧಾರಣ ಎಸ್‌ಎಂಪಿಎಸ್ ಇದ್ದವರಿಗೂ ತಲೆನೋವು ಕಡಿಮೆ. ಇದಕ್ಕಿಂತ ಜಾಸ್ತಿ ಬೆಲೆ ಹೇಳುವ ಯಾವ ಕಾರ್ಡೇ ಆಗಲಿ, ಇದಕ್ಕಿಂತ ಎಷ್ಟು ವೇಗ ಎಂದು ಮೊದಲು ಕೇಳಿ. ಆರ್‌ಟಿಎಕ್ಸ್ 4060 ಬರೀ 115 ವ್ಯಾಟ್ ಕುಡಿಯುತ್ತದೆ, ಡಿಎಲ್‌ಎಸ್‌ಎಸ್ (ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸಿ ಎಫ್‌ಪಿಎಸ್ ಏರಿಸುವ ತಂತ್ರ) ಕೂಡ ಸಿಗುತ್ತದೆ. ಕೈ ಸ್ವಲ್ಪ ಧಾರಾಳ ಇದ್ದರೆ 2025ರ ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಮಾದರಿ ನೋಡಿ. ಅದಕ್ಕೂ 8 ಜಿಬಿಯ ಜೋಡಿ ಇದೆ, ಎಚ್ಚರ. ಹೊಸ ಆಟಗಳಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೈಮೇಲಿನ ಚಿತ್ರ) ಏರಿಸಿದರೆ 8 ಜಿಬಿ ಬೇಗ ತುಂಬುತ್ತದೆ. ನಾಲ್ಕೈದು ವರ್ಷ ಇಟ್ಟುಕೊಳ್ಳುವ ಆಸೆ ಇದ್ದರೆ 12 ಅಥವಾ 16ಕ್ಕೆ ಹೋಗಿ.

ಇಂಟೆಲ್‌ನ ಆರ್ಕ್ ಬಿ580 ಕಾಗದದ ಮೇಲೆ ಆಸೆ ಹುಟ್ಟಿಸುತ್ತದೆ. 12 ಜಿಬಿ ಮೆಮೊರಿ, ಬೆಲೆಗೆ ತಕ್ಕ ವೇಗ. ಆದರೆ ಅದರ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಪ್ರೊಸೆಸರಿನ ಮೇಲೆ ಜಾಸ್ತಿ ಭಾರ ಹಾಕುತ್ತದೆ. ಹಳೆ ಪ್ರೊಸೆಸರ್ ಜೊತೆ ಅದರ ವೇಗ ಎದ್ದು ಕಾಣುವಷ್ಟು ಇಳಿಯುತ್ತದೆ. ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯೆಲ್ಲ ಪ್ರೊಸೆಸರಿಗೆ ಒಟ್ಟಿಗೆ ಸಿಗುವ ಸೌಲಭ್ಯ) ಇಲ್ಲದ ಬೋರ್ಡಿನಲ್ಲಂತೂ ಯೋಚಿಸಲೇಬೇಡಿ. ಹೊಸ ಡೆಸ್ಕ್‌ಟಾಪಿಗೆ ಒಳ್ಳೆಯದು, ಹಳೆಯದಕ್ಕೆ ಅಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆ ಒಂದು ಗೆರೆ ಎಳೆಯುತ್ತೇನೆ. ಜಿಟಿಎಕ್ಸ್ 1060, 1070, 1080 ಒಂದು ಕಾಲದ ರಾಜರು. ಆದರೆ ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಅವುಗಳ ಗೇಮ್ ಡ್ರೈವರ್ ನಿಲ್ಲಿಸಿತು. ಇನ್ನು ಸುರಕ್ಷತೆಯ ಅಪ್‌ಡೇಟ್ ಮಾತ್ರ. ಜೊತೆಗೆ 2024ರ ಕೊನೆಯಿಂದ ಕೆಲವು ದೊಡ್ಡ ಆಟಗಳು ಕಾರ್ಡಿನಲ್ಲೇ ರೇ ಟ್ರೇಸಿಂಗ್ (ಬೆಳಕು ಸಾಗುವ ದಾರಿ ಲೆಕ್ಕಹಾಕಿ ಚಿತ್ರ ಬಿಡಿಸುವ ಸೌಲಭ್ಯ) ಇರಲೇಬೇಕು ಎನ್ನುತ್ತಿವೆ. ಅದಕ್ಕೇ ಇವತ್ತು ಹಳೆ ಕಾರ್ಡ್ ಕೊಳ್ಳುವುದಾದರೆ ಆರ್‌ಟಿಎಕ್ಸ್ 20 ಸರಣಿ ಅಥವಾ ಆರ್‌ಎಕ್ಸ್ 6000 ಸರಣಿಗಿಂತ ಕೆಳಗೆ ಇಳಿಯಬೇಡಿ. ಕೊಳ್ಳುವ ಮೊದಲು ಅರ್ಧ ಗಂಟೆ ಭಾರದ ಆಟ ಓಡಿಸಿ ನೋಡಿ. ಫ್ಯಾನ್ ಸದ್ದು, ಬಿಸಿ, ಪರದೆಯಲ್ಲಿ ಚುಕ್ಕಿ, ಎಲ್ಲ ಪೋರ್ಟ್‌ಗಳು. ಕ್ರಿಪ್ಟೊ ಮೈನಿಂಗ್‌ನಲ್ಲಿ ದುಡಿದ ಕಾರ್ಡ್ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಫ್ಯಾನ್ ಮತ್ತು ಥರ್ಮಲ್ ಪ್ಯಾಡ್ ಸವೆದಿರುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿದು ಚೌಕಾಸಿ ಮಾಡಿ.

ಪ್ರೊಸೆಸರ್: ನಿಮ್ಮ ಬೋರ್ಡ್ ಏನು ಹೇಳುತ್ತದೆ?

ಇಲ್ಲಿ ನಿಮ್ಮ ಹಣೆಬರಹ ಬರೆಯುವುದು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಎಎಂಡಿಯ ಎಎಂ4 ಬೋರ್ಡ್ ಇದ್ದವರು ಪುಣ್ಯವಂತರು. ರೈಜನ್ 5 1600 ಅಥವಾ 2600 ಹಾಕಿಕೊಂಡು ಓಡಿಸುತ್ತಿರುವ ಬಿ450 ಬೋರ್ಡ್ ಬಯೋಸ್ ಅಪ್‌ಡೇಟ್ ಮಾಡಿದರೆ ರೈಜನ್ 5000 ಸರಣಿಯನ್ನು ಒಪ್ಪಿಕೊಳ್ಳುತ್ತದೆ. ಬೋರ್ಡ್ ಅದೇ, ರ‍್ಯಾಮ್ ಅದೇ. ರೈಜನ್ 5 5600 ಹಾಕಿದರೆ ಮುಗಿಯಿತು. ಇದಕ್ಕಿಂತ ಬಾಲ ಚಿಕ್ಕದಾದ ಅಪ್‌ಗ್ರೇಡ್ ನನಗೆ ಗೊತ್ತಿಲ್ಲ. ಅಪ್‌ಡೇಟನ್ನು ಹಳೆ ಪ್ರೊಸೆಸರ್ ಇರುವಾಗಲೇ ಮಾಡಬೇಕು. ಹೊಸದು ಕೂರಿಸಿದ ಮೇಲೆ ನೆನಪಾದರೆ ಪರದೆ ಕಪ್ಪಗೇ ಇರುತ್ತದೆ, ಹೀಟ್‌ಸಿಂಕ್ ಮತ್ತೆ ಬಿಚ್ಚಬೇಕಾಗುತ್ತದೆ.

5600, 5500, 5600ಜಿ, ಮೂರೂ ಒಂದೇ ಥರ ಕಾಣುತ್ತವೆ. ಮೂರಕ್ಕೂ ಆರು ಕೋರ್. ಆದರೆ 5600ಕ್ಕೆ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಪುಟ್ಟ ವೇಗದ ಮೆಮೊರಿ), ಉಳಿದ ಎರಡಕ್ಕೆ 16. ಗೇಮಿಂಗ್‌ನಲ್ಲಿ ಈ ಕ್ಯಾಶ್ ಎದ್ದು ಕಾಣುತ್ತದೆ. 5500 ಮತ್ತು 5600ಜಿ ಪಿಸಿಐಇ 3.0ಗೇ ನಿಲ್ಲುತ್ತವೆ. ಬೇರೆ ಕಾರ್ಡ್ ಹಾಕುವವರಿಗೆ 5600 ಸರಿ. ಕಾರ್ಡ್ ಕೊಳ್ಳಲು ಇನ್ನೂ ಆರು ತಿಂಗಳು ಬೇಕು, ಅಲ್ಲಿಯವರೆಗೆ ಹೇಗೋ ಆಡಬೇಕು ಎನ್ನುವವರಿಗೆ ಮಾತ್ರ 5600ಜಿ. ಕ್ಯಾಶ್ 96 ಎಂಬಿಗೆ ಏರಿಸಿದ 5700ಎಕ್ಸ್3ಡಿ, 5800ಎಕ್ಸ್3ಡಿ ನ್ಯಾಯವಾದ ಬೆಲೆಗೆ ಸಿಕ್ಕರೆ ಬಿಡಬೇಡಿ. ಎಎಂ4ನಲ್ಲಿ ಅದಕ್ಕಿಂತ ಮೇಲೆ ಏನೂ ಇಲ್ಲ.

ಇಂಟೆಲ್ ಕಡೆ ಪರಿಸ್ಥಿತಿ ಬಿಗಿ. ಎಲ್‌ಜಿಎ 1151 ಎಂಬ ಸಾಕೆಟ್ ಹೆಸರಿನಲ್ಲೇ ಎರಡು ಲೋಕಗಳಿವೆ. 6 ಮತ್ತು 7ನೇ ಪೀಳಿಗೆಯ ಬೋರ್ಡಿಗೆ 8 ಮತ್ತು 9ನೇ ಪೀಳಿಗೆಯ ಪ್ರೊಸೆಸರ್ ಕೂತುಕೊಂಡರೂ ಓಡುವುದಿಲ್ಲ. ಐ5-7500 ಇದ್ದವರಿಗೆ ಆ ಬೋರ್ಡಿನಲ್ಲಿ ಉಳಿದ ದಾರಿ ಐ7-7700ರಂಥದ್ದು ಮಾತ್ರ. ಅಂಥ ಬೋರ್ಡ್ ಇರುವ ಎಲ್ಲರೂ ಅದನ್ನೇ ಹುಡುಕುವುದರಿಂದ ಹಳೆಯದಾದರೂ ಅದರ ಬೆಲೆ ಇಳಿಯುವುದಿಲ್ಲ. ನಾನಾದರೆ ಕೊಳ್ಳುವುದಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿ ಶುರುವಾಗುವುದು ಹೆಚ್ಚುಕಡಿಮೆ ಇಂಟೆಲ್ 8ನೇ ಪೀಳಿಗೆ ಮತ್ತು ರೈಜನ್ 2000ದಿಂದ. ಕೆಲವು ಆನ್‌ಲೈನ್ ಆಟಗಳು ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಸುರಕ್ಷತೆಯ ಸೌಲಭ್ಯಗಳು ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ. ಅಂಥ ಬೋರ್ಡಿಗೆ ಇನ್ನಷ್ಟು ದುಡ್ಡು ಸುರಿಯುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ.

ಎಲ್‌ಜಿಎ 1700 ಬೋರ್ಡ್ ಇದ್ದರೆ ಬೇರೆ ಮಾತು. 12, 13, 14ನೇ ಪೀಳಿಗೆಗಳು ಅದರಲ್ಲೇ ನಡೆಯುತ್ತವೆ. ಐ3-12100 ಇದ್ದವರು ಬಯೋಸ್ ಅಪ್‌ಡೇಟ್ ಮಾಡಿ ಐ5ಗೆ ಜಿಗಿಯಬಹುದು.

ಬೋರ್ಡೂ ಸೇರಿ ಎಲ್ಲ ಬದಲಿಸುವುದಾದರೆ

ಎಎಂಡಿಯ ಹೊಸ ಸಾಕೆಟ್ ಎಎಂ5 ಇರುವ ಬೋರ್ಡಿಗೆ ಹೋದರೆ ಡಿಡಿಆರ್5 ರ‍್ಯಾಮ್ ಕಡ್ಡಾಯ. ಡಿಡಿಆರ್4 ಸ್ಟಿಕ್‌ನ ಕಚ್ಚು ಬೇರೆ ಜಾಗದಲ್ಲಿದೆ, ಕೂರುವುದೇ ಇಲ್ಲ. 2025ರ ಕೊನೆಯಿಂದ ಮೆಮೊರಿ ಬೆಲೆ ಜಿಗಿದಿರುವುದರಿಂದ ಈ ದಾರಿಯ ಬಾಲ ಈಗ ಉದ್ದವಾಗಿದೆ. ಕೈಯಲ್ಲಿ ಒಳ್ಳೆಯ 16 ಜಿಬಿ ಡಿಡಿಆರ್4 ಇದ್ದರೆ, ಡಿಡಿಆರ್4 ಹಿಡಿಯುವ ಎಲ್‌ಜಿಎ 1700 ಬೋರ್ಡ್ ಮತ್ತು ಐ5-12400ಎಫ್ ಜೋಡಿ ಕಡಿಮೆ ಖರ್ಚಿನ ಸಂಸಾರ. ಮುಂದೆ ಎರಡು ಮೂರು ಸಲ ಪ್ರೊಸೆಸರ್ ಬದಲಿಸುವ ಆಸೆ ಇರುವವರು ಎಎಂ5ಗೆ ಕಾದು ದುಡ್ಡು ಕೂಡಿಡಲಿ.

ರ‍್ಯಾಮ್, ಎಸ್‌ಎಸ್‌ಡಿ

8ರಿಂದ 16 ಜಿಬಿಗೆ ಹೋದರೆ ಗಕ್ಕನೆ ನಿಲ್ಲುವುದು ತಪ್ಪುತ್ತದೆ. 16ರಿಂದ 32ಕ್ಕೆ ಹೋದರೆ ಹೆಚ್ಚಿನ ಆಟಗಳಲ್ಲಿ ಎಫ್‌ಪಿಎಸ್ ಏರುವುದಿಲ್ಲ. ಹಿಂದೆ ಹತ್ತಾರು ಟ್ಯಾಬ್ ತೆರೆದಿಟ್ಟು ಆಡುವವರಿಗೆ ಪರವಾಗಿಲ್ಲ.

ಎಸ್‌ಎಸ್‌ಡಿ ಎಫ್‌ಪಿಎಸ್ ಕೊಡುವುದಿಲ್ಲ, ಕಾಯುವಿಕೆ ಕಡಿಮೆ ಮಾಡುತ್ತದೆ. ಹಾರ್ಡ್‌ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗಿನ ಸುಖ ಸಾಟಾದಿಂದ ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗೆ ಹೋದಾಗ ಸಿಗುವುದಿಲ್ಲ. ಒಂದು ಸೆಕೆಂಡಿಗೆ 550 ಎಂಬಿ ಎಲ್ಲಿ, 3500 ಎಲ್ಲಿ ಅನ್ನಿಸಬಹುದು. ಆಟ ಲೋಡ್ ಆಗುವಾಗ ಆ ಅಂತರ ಕೆಲವೇ ಸೆಕೆಂಡುಗಳಿಗೆ ಕರಗಿಹೋಗುತ್ತದೆ. ಬೆಲೆ ಸಮ ಇದ್ದರೆ ಎನ್‌ವಿಎಂಇ ತೆಗೆದುಕೊಳ್ಳಿ, ಇಲ್ಲದಿದ್ದರೆ ಉಳಿದ ದುಡ್ಡು ಕಾರ್ಡಿಗೆ ಹಾಕಿ.

ಎಸ್‌ಎಂಪಿಎಸ್: ನಾನು ಸುಟ್ಟುಕೊಂಡ ಕಥೆ

ಒಮ್ಮೆ ಎಸ್‌ಎಂಪಿಎಸ್ ಬದಲಿಸಿದೆ. ಹಳೆಯದೂ ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದದ್ದು), ಹೊಸದೂ ಮಾಡ್ಯುಲರ್. ಹಳೆ ಕೇಬಲ್‌ಗಳನ್ನು ಕಷ್ಟಪಟ್ಟು ಕ್ಯಾಬಿನೆಟ್ಟಿನ ಹಿಂದೆ ಕಟ್ಟಿದ್ದೆ, ಮತ್ತೆ ಯಾರು ಬಿಚ್ಚುತ್ತಾರೆ ಎಂಬ ಸೋಮಾರಿತನ. ಹಳೆ ಕೇಬಲನ್ನೇ ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಿದೆ. ಸಲೀಸಾಗಿ ಕೂತಿತು. ಸ್ವಿಚ್ ಹಾಕಿದೆ. ಟಪ್ ಎಂದು ಸಣ್ಣ ಸದ್ದು, ಸುಟ್ಟ ವಾಸನೆ. ಎರಡು ಡ್ರೈವ್ ಹೋದವು, ಅದರಲ್ಲಿ ಒಂದರಲ್ಲಿ ಎಷ್ಟೋ ವರ್ಷದ ಫೋಟೊಗಳಿದ್ದವು. ಡ್ರೈವ್ ಕಡೆಯ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿ ಹಾಗಲ್ಲ. ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಎಂಬುದು ಒಂದೊಂದರಲ್ಲಿ ಒಂದೊಂದು ಥರ. ಹೊಸ ಎಸ್‌ಎಂಪಿಎಸ್ ಜೊತೆ ಬಂದ ಕೇಬಲನ್ನೇ ಹಾಕಿ.

ಲೆಕ್ಕ ಸರಳ. ಸ್ಲಾಟ್‌ನಿಂದ 75 ವ್ಯಾಟ್, 6-ಪಿನ್‌ನಿಂದ 75, 8-ಪಿನ್‌ನಿಂದ 150. ನಿಮ್ಮ ಎಸ್‌ಎಂಪಿಎಸ್‌ನಲ್ಲಿ 8-ಪಿನ್ ಇಲ್ಲ ಎಂದರೆ ಅಷ್ಟು ಶಕ್ತಿ ಕೊಡುವ ಉದ್ದೇಶ ಅದಕ್ಕಿಲ್ಲ ಎಂದು ತಿಳಿಯಿರಿ. ಸಾಟಾ ಕನೆಕ್ಟರಿನ 12 ವೋಲ್ಟ್ ಕಡೆ 54 ವ್ಯಾಟ್ ಅಷ್ಟೇ ಮಿತಿ. ಸಾಟಾದಿಂದ 8-ಪಿನ್ ಮಾಡುವ ಅಡಾಪ್ಟರ್ ಎಂದರೆ ಬೆಂಕಿಗೆ ಕರೆ ಕೊಟ್ಟಂತೆ. ಇನ್ನು 80 ಪ್ಲಸ್ ಚೀಟಿ ಹೇಳುವುದು ಎಷ್ಟು ಕರೆಂಟ್ ಪೋಲಾಗುತ್ತದೆ ಎಂಬುದನ್ನು ಮಾತ್ರ. ಒಳಗಿನ ರಕ್ಷಣೆ ಹೇಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಆಫೀಸ್ ಕಂಪ್ಯೂಟರನ್ನು ಗೇಮಿಂಗ್‌ಗೆ ಎಳೆಯುವುದು

ಆಫೀಸುಗಳಿಂದ ಹೊರಬಂದ ಬ್ರಾಂಡೆಡ್ ಡೆಸ್ಕ್‌ಟಾಪ್ ಅಗ್ಗವಾಗಿ ಸಿಗುತ್ತದೆ, ಎಲ್ಲರಿಗೂ ಆಸೆ. ಕೊಳ್ಳುವ ಮೊದಲು ಮುಚ್ಚಳ ತೆಗೆಸಿ ಎಸ್‌ಎಂಪಿಎಸ್ ನೋಡಿ. ಮದರ್‌ಬೋರ್ಡಿಗೆ ಹೋಗುವ ಕನೆಕ್ಟರ್ ಅಗಲವಾಗಿ 24 ಪಿನ್ ಇದ್ದು, ಡಬ್ಬಿಯೂ ಮಾಮೂಲಿ ಎಟಿಎಕ್ಸ್ ಅಳತೆಯದಾದರೆ ಎಸ್‌ಎಂಪಿಎಸ್ ಬದಲಿಸಬಹುದು, ದಾರಿ ತೆರೆದಿದೆ. ಆರು ಅಥವಾ ಹತ್ತು ಪಿನ್ನಿನ ಚಿಕ್ಕ ಕನೆಕ್ಟರ್ ಇದ್ದರೆ ಅದು ಆ ಕಂಪನಿಯ ಸ್ವಂತ ಅಳತೆ. ಆಗ ಕನೆಕ್ಟರ್ ಬೇಡದ ಕಾರ್ಡೇ ಗತಿ. ಮೇಲೆ ಬೈದ ಆರ್‌ಟಿಎಕ್ಸ್ 3050 6 ಜಿಬಿ ಇಲ್ಲಿ ರಾಜ. 70 ವ್ಯಾಟ್ ಪೂರ್ತಿ ಸ್ಲಾಟ್‌ನಿಂದಲೇ ಸಿಗುತ್ತದೆ, ಸಣ್ಣ ಕ್ಯಾಬಿನೆಟ್ಟಿಗೆ ಅರ್ಧ ಎತ್ತರದ ಮಾದರಿಯೂ ಇದೆ. ಜಿಟಿಎಕ್ಸ್ 1650ಗೂ ಕನೆಕ್ಟರ್ ಇಲ್ಲದ ಮಾದರಿಗಳಿವೆ, ಆದರೆ 4 ಜಿಬಿಯ ಕಾಲ ಮುಗಿಯುತ್ತ ಬಂತು. ಅಂಥ ಡೆಸ್ಕ್‌ಟಾಪಿಗೆ ಈ ಒಂದು ಕಾರ್ಡ್ ಮತ್ತು 16 ಜಿಬಿ ರ‍್ಯಾಮ್ ಹಾಕಿ ಅಲ್ಲಿಗೇ ನಿಲ್ಲಿಸಿ.

ಎದುರಿಗೆ ಇಟ್ಟು ನೋಡಿದರೆ

ರೈಜನ್ 5 2600, ಜಿಟಿಎಕ್ಸ್ 1650, 8 ಜಿಬಿಯ ಒಂಟಿ ಸ್ಟಿಕ್: ಮೊದಲು ಇನ್ನೊಂದು 8 ಜಿಬಿ, ಆಮೇಲೆ ಕಾರ್ಡ್, ಮುಂದಿನ ವರ್ಷ 5600. ಮೂರು ಸಲ ಬಿಡಿಸಿ ಮಾಡಬಹುದು, ಯಾವುದೂ ವ್ಯರ್ಥವಾಗುವುದಿಲ್ಲ.

ಐ5-10400 ಜೊತೆ ಜಿಟಿಎಕ್ಸ್ 1660: ಪ್ರೊಸೆಸರ್ ಮುಟ್ಟಬೇಡಿ. ಪೂರ್ತಿ ದುಡ್ಡು ಕಾರ್ಡಿಗೆ.

ಐ5-7500, ಜಿಟಿಎಕ್ಸ್ 1060: ಕಷ್ಟದ ಕೇಸು ಇದು. ಎರಡೂ ಒಟ್ಟಿಗೆ ಮುದಿಯಾಗಿವೆ. ಮೊದಲು ಆಟದ ಸೆಟ್ಟಿಂಗ್‌ನಲ್ಲಿ ಎಫ್‌ಎಸ್‌ಆರ್ (ಡಿಎಲ್‌ಎಸ್‌ಎಸ್‌ನಂಥದ್ದೇ ಎಎಂಡಿಯ ತಂತ್ರ) ಆನ್ ಮಾಡಿ ನೋಡಿ, ಅದು ಹಳೆ ಕಾರ್ಡಿನಲ್ಲೂ ನಡೆಯುತ್ತದೆ. ಕೆಲವು ತಿಂಗಳು ಅದರಲ್ಲೇ ತಳ್ಳಿ, ಬೋರ್ಡ್ ಮತ್ತು ಪ್ರೊಸೆಸರ್ ಜೋಡಿಗೆ ಕೂಡಿಡಿ. ಕಾರ್ಡ್ ಮೊದಲೇ ಕೊಂಡರೂ ನಷ್ಟವಿಲ್ಲ, ಹೊಸ ಬೋರ್ಡಿಗೆ ಅದನ್ನೇ ಹಾಕಬಹುದು. ಆದರೆ ಬೋರ್ಡ್ ಬರುವವರೆಗೆ ಅದರ ಪೂರ್ತಿ ವೇಗ ನೋಡಲು ಸಿಗುವುದಿಲ್ಲ.

ಪಾರ್ಟ್ ಬಂದ ದಿನ ಹಳೆಯದನ್ನು ಮಾರಿಬಿಡಬೇಡಿ, ವಾಪಸ್ ಮಾಡುವ ಗಡುವು ಮುಗಿಯಲಿ. ಮೊದಲು ಮಾಡಿದ ಪರೀಕ್ಷೆಯನ್ನೇ ಅದೇ ಆಟ, ಅದೇ ಜಾಗ, ಅದೇ ಸೆಟ್ಟಿಂಗ್‌ನಲ್ಲಿ ಮತ್ತೊಮ್ಮೆ ಮಾಡಿ. ಹಳೆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ಪಕ್ಕದಲ್ಲಿಟ್ಟು ನೋಡಬಹುದು. ಏರಿಲ್ಲ ಎಂದರೆ ಗಾಬರಿ ಬೇಡ, ಮೊದಲು ಹಿಂದೆ ಬಗ್ಗಿ ಕೇಬಲ್ ಎಲ್ಲಿದೆ ನೋಡಿ.